ಜೋರು ಒದೆಯುವ ಕೋವಿಗೆ ಬಾಳಿಕೆ ಬರುವ ಸ್ಕೋಪ್: ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಕಾಸರಗೋಡಿನ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆ ಮೊದ್ಲೆಲ್ಲ ಕೋವಿ ಇದ್ದವರ ಬಾಯಲ್ಲಿ ಸ್ಕೋಪಿನ, ಅಂದ್ರೆ ಗುರಿ ಹಿಡೀಲಿಕ್ಕೆ ಕೋವಿ ಮೇಲೆ ಕೂರಿಸುವ ದುರ್ಬೀನಿನ, ಮಾತೇ ಇರ್ಲಿಲ್ಲ, ನಳಿಗೆ ತುದಿಯ ಮಣಿ ನೋಡಿ ಹೊಡೆಯುದು, ಅಷ್ಟೆ. 2022ರ ಮೇ ತಿಂಗಳಲ್ಲಿ ಕೇರಳ ಸರ್ಕಾರ ಕೃಷಿ ಹಾಳು ಮಾಡುವ ಕಾಡುಹಂದಿಗೆ ಗುಂಡು ಹೊಡೆಸುವ ಅಧಿಕಾರ ಪಂಚಾಯ್ತಿ ಅಧ್ಯಕ್ಷರಿಗೇ ಕೊಟ್ಟಿತಲ್ಲ, ಅಲ್ಲಿಂದ ಲೈಸೆನ್ಸ್ ಇದ್ದವರಿಗೆ ಫೋನು ಜಾಸ್ತಿ ಆಯ್ತು, ಆ ಫೋನಿನ ಹಿಂದೆಯೇ ಸ್ಕೋಪಿನ ಪ್ರಶ್ನೆಗಳೂ ಬಂದ್ವು. ನಾನು ಅಂಗಡಿಯವ ಅಲ್ಲ, ಅಡಕೆ ಕೃಷಿಕ. ಎರಡು ಸ್ಕೋಪ್ ಹಾಳು ಮಾಡ್ಕೊಂಡು ಮೂರನೆಯದಕ್ಕೆ ಬುದ್ಧಿ ಬಂದವ. ಒಂದೇ ಉತ್ತರ ಹತ್ತು ಜನಕ್ಕೆ ಹೇಳಿ ಹೇಳಿ ಗಂಟಲು ಒಣಗಿದ್ದಕ್ಕೆ ಬರ್ದು ಹಾಕಿದ್ದು ಇದು.

ಕೋವಿ ಒದ್ದಾಗ ಸ್ಕೋಪಿನ ಒಳಗೆ ಎಂತ ಆಗುದು? ಗ್ಲಾಸ್ ಒಡೆಯುದಾ?

ಗ್ಲಾಸ್ ಒಡೆಯುದು ಭಾರೀ ಅಪರೂಪ ಮಾರಾಯ್ರೆ. ಹೊರಗಿನ ಕೊಳವೆಯ ಒಳಗೆ ಇನ್ನೊಂದು ಸಣ್ಣ ಕೊಳವೆ ಉಂಟು, ಇರೆಕ್ಟರ್ ಟ್ಯೂಬ್ ಅಂತ ಹೇಳ್ತಾರೆ. ನೀವು ಗುರಿ ಸರಿ ಮಾಡ್ಲಿಕ್ಕೆ ಮೇಲಿನ ತಿರುಪು, ಬದಿಯ ತಿರುಪು ಟಿಕ್ ಟಿಕ್ ತಿರುಗಿಸ್ತೀರಲ್ಲ, ಆಗ ಅಲುಗುದು ಆ ಒಳಗಿನ ಕೊಳವೆ. ಒಂದು ಕಡೆಯಿಂದ ತಿರುಪು ಒತ್ತಿ ಹಿಡಿದಿರ್ತದೆ, ಎದುರು ಕಡೆಯಿಂದ ಒಂದು ಸ್ಪ್ರಿಂಗ್. ಪ್ರತಿ ಗುಂಡಿಗೂ ಇಡೀ ಕೋವಿ ರಪ್ಪಂತ ಹಿಂದೆ ಬರುವಾಗ ಈ ಒಳಗಿನ ಸಾಮಾನು ಇದ್ದಲ್ಲೇ ಇರ್ಲಿಕ್ಕೆ ನೋಡ್ತದೆ, ಪೆಟ್ಟೆಲ್ಲ ಹೋಗಿ ಬೀಳುದು ಸ್ಪ್ರಿಂಗಿಗೆ. ಸ್ಪ್ರಿಂಗ್ ಸೋತ್ರೆ ಹೊರಗಿಂದ ಎಂತದೂ ಗೊತ್ತಾಗುದಿಲ್ಲ, ನೋಡ್ಲಿಕ್ಕೆ ಸ್ಕೋಪ್ ಹೊಸದೇ, ಚಿತ್ರವೂ ಸ್ಪಷ್ಟ, ಆದ್ರೆ ಗುಂಡು ಇವತ್ತು ಇಲ್ಲಿ ನಾಳೆ ಅಲ್ಲಿ. ಕ್ರಾಸ್ ಗೆರೆಗೆ ಸಪೂರ ತಂತಿ ಹಾಕಿದ ಸ್ಕೋಪ್ ಆದ್ರೆ ತಂತಿ ತುಂಡಾಗುದೂ ಉಂಟು, ಗ್ಲಾಸಿನ ಮೇಲೆಯೇ ಕೊರೆದ ಗೆರೆಗೆ ಆ ಹೆದರಿಕೆ ಇಲ್ಲ. ಹಾಗಾಗಿ ತೆಗೊಳ್ಳುವಾಗ ಎಷ್ಟು ದೂರ ಕಾಣ್ತದೆ ಅಂತ ಮಾತ್ರ ಕೇಳ್ಬೇಡಿ, ಅಂಗಡಿ ಮೆಟ್ಟಿಲಲ್ಲಿ ನಿಂತು ನೋಡಿದ್ರೆ ಎಲ್ಲಾ ಸ್ಕೋಪೂ ಚಂದವೇ ಕಾಣುದು.

ನನ್ನ ಕೋವಿ ಜೋರು ಒದೆಯುವ ಲೆಕ್ಕಕ್ಕೆ ಬರ್ತದಾ?

ನಮ್ಮಲ್ಲಿ ರೈಫಲ್ ಅಂದ್ರೆ ಹೆಚ್ಚಾಗಿ ಇಛಾಪುರ ಫ್ಯಾಕ್ಟರಿಯ .315, ಈ ಅಂಕೆ ನಳಿಗೆ ತೂತಿನ ಇಂಚಿನ ಅಳತೆ. ಅದು ಮಧ್ಯಮ ಒದೆ, ಗುಂಡು ಭಾರ ಆದ್ರೂ ವೇಗ ಕಮ್ಮಿ. ಅದ್ರಿಂದ ಮೇಲೆ 30-06 ತೋಟೆಯ ರೈಫಲ್. ಮೂರೂವರೆ ಕಿಲೋ ಚಿಲ್ಲರೆ ತೂಕದ ಕೋವಿಯಲ್ಲಿ ಅದ್ರ ಒದೆಯ ಶಕ್ತಿ ಹೆಚ್ಚುಕಮ್ಮಿ 27 ಜೌಲ್. ಆಫ್ರಿಕಾದಲ್ಲಿ ಎಮ್ಮೆ, ಆನೆಗೆ ಅಂತ ಮಾಡಿದ .375 ಹೆಚ್&ಹೆಚ್ ಅದಕ್ಕೆ ಸುಮಾರು ಎರಡು ಪಟ್ಟು, .458 ವಿಂಚೆಸ್ಟರ್ ಇನ್ನೂ ಮೇಲೆ. ಅದೆಲ್ಲ ನಮ್ಮ ಗುಡ್ಡೆಯಲ್ಲಿ ಯಾರ ಹತ್ರವೂ ಇಲ್ಲ ಬಿಡಿ. ಆದ್ರೆ ಜನ ಮರೆಯುದು ಒಂದು ಉಂಟು, ಅಜ್ಜನ ಕಾಲದ 12 ಬೋರ್. ಹಗುರ ತೋಟೆ ಕೋವಿಗೆ ಒಂಟಿ ಉಂಡೆಯ ಫುಲ್ ಪವರ್ ತೋಟೆ ಹಾಕಿ ಹೊಡೆದ್ರೆ ಅದು 30-06ಕ್ಕಿಂತ ಜಾಸ್ತಿ ಒದೆಯುತ್ತದೆ, ಭುಜವನ್ನೇ ಕೇಳಿ ಹೇಳ್ತದೆ. ಅದ್ರ ಮೇಲೆ ಸಿಕ್ಕಿದ ಅಗ್ಗದ ಸ್ಕೋಪ್ ಕೂರಿಸುದು ಅಂದ್ರೆ ದುಡ್ಡನ್ನು ತೋಡಿಗೆ ಹಾಕಿದ ಹಾಗೆ.

ಏರ್‌ಗನ್ನಿಗೆ ಯಾವುದಾದ್ರೂ ಆಗ್ತದಲ್ಲ, ಅದು ಒದೆಯುದೇ ಇಲ್ವಲ್ಲ?

ಇದೇ ಎಲ್ಲರೂ ಬೀಳುವ ಹೊಂಡ. ನಾನೂ ಬಿದ್ದವನೇ. ಸ್ಪ್ರಿಂಗಿನ ಏರ್‌ಗನ್ ಭುಜಕ್ಕೆ ಎಂತದೂ ಮಾಡುದಿಲ್ಲ, ಸ್ಕೋಪಿಗೆ ಮಾತ್ರ ಅದು ಯಮ. ಒಳಗೆ ದೊಡ್ಡ ಪಿಸ್ಟನ್ ಉಂಟಲ್ಲ, ಕುದುರೆ, ಅಂದ್ರೆ ಟ್ರಿಗರ್, ಎಳೆದ ಕೂಡ್ಲೇ ಅದು ಮುಂದೆ ಹಾರ್ತದೆ, ಕೋವಿ ಹಿಂದೆ ಬರ್ತದೆ. ಪಿಸ್ಟನ್ ಕೊನೆಗೆ ಹೋಗಿ ಗಾಳಿಗೆ ಗುದ್ದಿ ನಿಲ್ತದಲ್ಲ, ಆಗ ಕೋವಿ ವಾಪಸ್ ಮುಂದಕ್ಕೆ ಧಕ್ಕಂತ ಜಗ್ತದೆ. ಗುಂಡಿನ ಕೋವಿಗೆ ಅಂತ ಮಾಡಿದ ಸ್ಕೋಪಲ್ಲಿ ಹಿಂದಿನ ಒದೆಗೆ ತಯಾರಿ ಇರ್ತದೆ, ಈ ಮುಂದಿನ ಜಗ್ಗಿಗೆ ಕೆಲವದ್ರಲ್ಲಿ ಇರುದಿಲ್ಲ. ನನ್ನ ಮೊದಲ್ನೆ ಸ್ಕೋಪ್ ಹೀಗೆಯೇ ಹೋದದ್ದು, ರೈಫಲಿಂದ ಬಿಚ್ಚಿ ಮನೆ ಹಿಂದೆ ಡಬ್ಬಿಗೆ ಗುರಿ ಪ್ರಾಕ್ಟೀಸ್ ಮಾಡ್ವ ಅಂತ ಏರ್‌ಗನ್ನಿಗೆ ಕಟ್ಟಿದೆ, ಎರಡು ವಾರದಲ್ಲಿ ಕ್ರಾಸ್ ಗೆರೆ ವಾಲಿ ಕೂತಿತ್ತು. ಬಾಕ್ಸಿನ ಮೇಲೆ ಸ್ಪ್ರಿಂಗ್ ಏರ್‌ಗನ್ನಿಗೆ ಆಗ್ತದೆ ಅಂತ ಕಂಪೆನಿಯೇ ಬರ್ದಿದ್ರೆ ಮಾತ್ರ ಹಾಕಿ. ಪಿಸಿಪಿ, ಅಂದ್ರೆ ಗಾಳಿ ತುಂಬಿಸಿಡುವ ಜಾತಿಯದಕ್ಕೆ ಈ ಕಿರಿಕಿರಿ ಇಲ್ಲ.

ಮತ್ತೆ ಇನ್ನೊಂದು, .177 ಬೋರಿನ 20 ಜೌಲ್ ಒಳಗಿನ ಏರ್‌ಗನ್ನಿಗೆ ಲೈಸೆನ್ಸ್ ಬೇಡ ಅಂತ ಗೊತ್ತಾದ ಕೂಡ್ಲೇ ನವಿಲು, ಬಾವಲಿ ಅಂತ ಹೊರಡ್ಬೇಡಿ. ಕೋವಿಗೆ ಲೈಸೆನ್ಸ್ ಬೇಡ ಅಂದ್ರೆ ಬೇಟೆಗೆ ಪರ್ಮಿಶನ್ ಸಿಕ್ಕಿತು ಅಂತ ಅಲ್ಲ.

ಭಾರ ಇದ್ರೆ ಗಟ್ಟಿ ಅಲ್ವಾ?

ಅಲ್ಲ. ಉಲ್ಟಾ. ಲೆಕ್ಕ ಹಾಕುವ. ಒದೆಯುವ ಆ ಕ್ಷಣದಲ್ಲಿ ಕೋವಿಯ ಜರ್ಕ್ ಭೂಮಿ ಎಳೆತದ 500 ಪಟ್ಟು ಅಂತ ಸುಮ್ನೆ ಉದಾಹರಣೆಗೆ ಹಿಡೀರಿ. 300 ಗ್ರಾಮಿನ ಸ್ಕೋಪ್ ಆಗ ಅದನ್ನು ಕೋವಿಗೆ ಕಟ್ಟಿದ ರಿಂಗಿನ ಮೇಲೆ 150 ಕಿಲೋ ಹಾಗೆ ಜಗ್ತದೆ, ಅಂದ್ರೆ 50 ಕಿಲೋದ ಮೂರು ಗೋಣಿ ಅಕ್ಕಿ. 800 ಗ್ರಾಮಿನ ದೊಡ್ಡ ಸ್ಕೋಪ್ ಆದ್ರೆ ಎಂಟು ಗೋಣಿ. ಅಷ್ಟನ್ನೂ ಹಿಡಿಯುದು ನಾಲ್ಕಾರು ಸಣ್ಣ ಸ್ಕ್ರೂ. ಹಾಗಾಗಿ ಒದೆ ಜಾಸ್ತಿ ಆದ ಹಾಗೆ ಸ್ಕೋಪ್ ಸಣ್ಣದು, ಸರಳದ್ದು ಆಗ್ಬೇಕು. ದೊಡ್ಡ ಬೇಟೆಯವರು .375, .458ಕ್ಕೆ ಹಾಕುದು ನೋಡಿ, 1.5-5×20 ಇಂಥದ್ದು, ಅಂದ್ರೆ ಒಂದೂವರೆಯಿಂದ ಐದು ಪಟ್ಟು (ಎಕ್ಸ್) ದೊಡ್ಡದು ಮಾಡಿ ತೋರಿಸುವ, ಮುಂದಿನ ಗ್ಲಾಸ್ 20 ಮಿಲಿಮೀಟರ್ ಅಗಲದ್ದು, ಮುಂದೆ ಗಂಟೆ ಹಾಗೆ ಅಗಲ ಆಗದ ನೆಟ್ಟಗಿನ ಕೊಳವೆ. ತೂಕ ಕಮ್ಮಿ, ಕೋವಿಗೆ ತಾಗಿ ಕೆಳಗೆ ಕೂರ್ತದೆ, ಬೇಲಿಗೆ ಗುದ್ದಿದ್ರೂ ಒಡೆಯುವ ಜಾಗ ಕಮ್ಮಿ.

ಎಷ್ಟು ಎಕ್ಸ್ ತೆಗೊಳ್ಳುದು? ಅಂಗಡಿಯವ ಹೆಚ್ಚಿದ್ದಷ್ಟು ಒಳ್ಳೆದು ಹೇಳ್ತಾನೆ.

ಅವನಿಗೆ ಒಳ್ಳೆದು. ಅಡಕೆ ತೋಟದಲ್ಲಿ ಹಂದಿ ಕಾಣುದೇ 20, 30 ಮೀಟರಲ್ಲಿ, ಅಷ್ಟು ಹತ್ರ 16 ಎಕ್ಸ್ ಹಾಕಿದ್ರೆ ಕಾಣುದು ಕಪ್ಪು ರೋಮ ಮಾತ್ರ, ಹಂದಿಯ ತಲೆಯಾ ಬಾಲವಾ ದೇವ್ರಿಗೇ ಗೊತ್ತು. ಫಿಕ್ಸೆಡ್ 4×32 ಧಾರಾಳ ಸಾಕು, ಅದ್ರಲ್ಲಿ ಝೂಮಿನ ಸಾಮಾನೇ ಇಲ್ಲದ ಕಾರಣ ಕೆಡ್ಲಿಕ್ಕೆ ಒಂದು ಭಾಗ ಕಮ್ಮಿ. ಝೂಮ್ ಬೇಕೇ ಬೇಕು ಅಂದ್ರೆ 1ರಿಂದ ಅಥವಾ 2ರಿಂದ ಶುರು ಆಗುವ ಹಾಗಿದ್ದು ತೆಗೊಳ್ಳಿ. ಕತ್ತಲೆಯ ಲೆಕ್ಕ ಸುಲಭ, ಮುಂದಿನ ಗ್ಲಾಸಿನ ಅಗಲವನ್ನು ಎಕ್ಸಿಂದ ಭಾಗಿಸಿ. 32ನ್ನು 4ರಿಂದ ಭಾಗಿಸಿದ್ರೆ 8 ಮಿಲಿಮೀಟರ್ ಬೆಳಕಿನ ಕಂಡಿ, ನಮ್ಮ ಕಣ್ಣಿನ ಪಾಪೆ ಪ್ರಾಯದಲ್ಲೇ ಏಳರ ಹತ್ರ ಅರಳುದು, ಐವತ್ತು ದಾಟಿದವರಿಗೆ ಅಷ್ಟೂ ಇಲ್ಲ. ಅಂದ್ರೆ 4×32 ನಿಮ್ಮ ಕಣ್ಣಿಗೆ ಹಿಡಿಯುವಷ್ಟು ಬೆಳಕು ಕೊಟ್ಟೇ ಕೊಡ್ತದೆ, 56ರ ದೊಡ್ಡ ಗ್ಲಾಸ್ ಹೊತ್ಕೊಂಡು ಗುಡ್ಡೆ ಹತ್ತುದು ಯಾಕೆ.

ಹುಬ್ಬು ಒಡೆಯುದು ಅಂತ ಹೇಳ್ತಾರಲ್ಲ, ಅದೆಂತ?

ಸ್ಕೋಪಿನ ಹಿಂದಿನ ಅಂಚು ಬಂದು ಹುಬ್ಬಿಗೆ ಬಡಿದು ಅರ್ಧಚಂದ್ರ ಕೊರೆಯುದು. ಇಡೀ ಚಿತ್ರ ಕಾಣ್ಬೇಕಾದ್ರೆ ಕಣ್ಣಿಗೂ ಸ್ಕೋಪಿಗೂ ಎಷ್ಟು ದೂರ ಬೇಕೋ ಅದಕ್ಕೆ ಐ ರಿಲೀಫ್ ಅಂತ ಹೆಸ್ರು. ಸಾಧಾರಣ ಸ್ಕೋಪಲ್ಲಿ ಮೂರು, ಮೂರೂವರೆ ಇಂಚು. ಜೋರು ಒದೆಗೆ ನಾಲ್ಕು ಇಂಚು, ಅಂದ್ರೆ 10 ಸೆಂಟಿಮೀಟರ್ ನೋಡಿ ತೆಗೊಳ್ಳಿ. ಕೆಲವು ಝೂಮ್ ಸ್ಕೋಪಲ್ಲಿ ಎಕ್ಸ್ ಜಾಸ್ತಿ ಮಾಡಿದ ಹಾಗೆ ಈ ದೂರ ಕಮ್ಮಿ ಆಗ್ತದೆ, ಬಾಕ್ಸಲ್ಲಿ ಎರಡು ಅಂಕೆ ಬರ್ದಿದ್ರೆ ಸಣ್ಣದ್ದನ್ನೇ ನಂಬಿ.

ನಮ್ಮ ಜಾಗಕ್ಕೆ ಇನ್ನೊಂದು ಕಥೆ ಉಂಟು, ಎಲ್ಲಾ ಏರು ತಗ್ಗಲ್ವಾ. ಕೆಳಗೆ ತೋಡಿನ ಬದಿಯಲ್ಲಿ ನಿಂತು ಮೇಲಿನ ಗುಡ್ಡೆಗೆ ಗುರಿ ಹಿಡಿದ್ರೆ ತಲೆ ತನ್ನಷ್ಟಕ್ಕೇ ಸ್ಕೋಪಿನ ಹತ್ರ ಹೋಗ್ತದೆ. ಸಮತಟ್ಟಲ್ಲಿ ನಿಂತು ಚಂದ ಮಾಡಿ ಫಿಟ್ ಮಾಡಿದ ಸ್ಕೋಪೇ ಅಲ್ಲಿ ಹುಬ್ಬು ಒಡೆಯುದು. ಫಿಟ್ ಮಾಡುವಾಗ ಕೋವಿ ಖಾಲಿ ಉಂಟಾ ಅಂತ ಎರಡು ಸರ್ತಿ ನೋಡಿ, ಬೆದರಿದವನ ಹಾಗೆ ಗಡಿಬಿಡಿಯಲ್ಲಿ ಭುಜಕ್ಕೆ ಏರಿಸಿ, ಮೇಲ್ಮುಖವಾಗಿ ಹಿಡಿದು, ದಪ್ಪ ಅಂಗಿ ಹಾಕಿ ಒಂದ್ಸಲ, ಬನಿಯನಲ್ಲಿ ಒಂದ್ಸಲ ನೋಡಿ. ಆಮೇಲೆ ಸ್ಕ್ರೂ ಬಿಗಿ ಮಾಡಿ.

30 ಮಿಲಿಮೀಟರ್ ಕೊಳವೆ 1 ಇಂಚಿನದಕ್ಕಿಂತ ಗಟ್ಟಿಯಾ?

ಸ್ವಲ್ಪ. ಆದ್ರೆ ಅದ್ರ ಮುಖ್ಯ ಲಾಭ ತಿರುಪಿಗೆ ಹೆಚ್ಚು ಜಾಗ ಸಿಗುದು, ಅದು ನಮಗೆ 30 ಮೀಟರಿಗೆ ಬೇಡ. 1 ಇಂಚು ಅಂದ್ರೆ 25.4, ಸಾಕು.

ಸ್ಕೋಪನ್ನು ಕೋವಿಗೆ ಕೂರಿಸುವ ಮೌಂಟಿಗೆ ಅಷ್ಟು ದುಡ್ಡು ಯಾಕೆ ಹಾಕುದು? ಎರಡು ರಿಂಗ್ ಅಲ್ವಾ?

ನನ್ನ ಹತ್ರ ಸ್ಕೋಪ್ ಹಾಳಾಯ್ತು ಅಂತ ಬಂದವರಲ್ಲಿ ಹೆಚ್ಚಿನವರದ್ದು ಸ್ಕೋಪ್ ಹಾಳಾಗಿರ್ಲೇ ಇಲ್ಲ, ಮೌಂಟ್ ಅಲ್ಲಾಡ್ತಿತ್ತು. ಕಂಪೆನಿಗೆ ಬೈದು, ಅಂಗಡಿಯವನಿಗೆ ಬೈದು, ಕೊನೆಗೆ ನೋಡಿದ್ರೆ ಬುಡದ ಸ್ಕ್ರೂ ಉಗುರಲ್ಲಿ ತಿರುಗ್ತದೆ! ಬಜೆಟ್ ಸಣ್ಣದಾದ್ರೆ ಸ್ಕೋಪಲ್ಲಿ ಒಂದು ಮೆಟ್ಟಿಲು ಇಳೀರಿ, ಮೌಂಟಲ್ಲಿ ಇಳೀಬೇಡಿ, ನನ್ನ ಎಲ್ಲಾ ಉಪದೇಶದಲ್ಲಿ ಇದೊಂದನ್ನು ಕೇಳಿದ್ರೂ ಸಾಕು.

ಮೊದ್ಲು ನಿಮ್ಮ ಕೋವಿಯ ಬೆನ್ನು ನೋಡಿ. ಏರ್‌ಗನ್ನಲ್ಲಿ 11 ಮಿಲಿಮೀಟರ್ ಅಂತರದ ಎರಡು ಗೀರು, ಡವ್‌ಟೇಲ್ ಅಂತ, ಅದ್ರಲ್ಲಿ ಹಿಡಿತ ಬರೀ ಉಜ್ಜುವಿಕೆಯದ್ದು. ಆ ಮುಂದಿನ ಜಗ್ಗಿಗೆ ಸ್ಕೋಪ್ ಪ್ರತಿ ಪೆಟ್ಟಿಗೂ ಒಂದೊಂದು ಕೂದಲೆಳೆ ಹಿಂದೆ ಹಿಂದೆ ಜಾರ್ತದೆ, ಅದಕ್ಕೆ ಮೌಂಟಿನ ಹಿಂದೆ ತಡೆ ಪಿನ್ ಬೇಕೇ ಬೇಕು. ರೈಫಲಿಗೆ ಪಿಕಾಟಿನಿ ರೈಲ್ ಅನ್ನುವ ಪಟ್ಟಿ ಒಳ್ಳೆದು, ಅದ್ರಲ್ಲಿ ಅಡ್ಡ ಕಚ್ಚು ಇರ್ತದೆ, ಅದಕ್ಕೆ ಮೌಂಟಿನ ಅಡ್ಡ ಬೋಲ್ಟ್ ಸಿಕ್ಕಿ ಕೂರ್ತದೆ. ಕೂರಿಸುವಾಗ ಮೌಂಟನ್ನು ಮುಂದಕ್ಕೆ, ನಳಿಗೆಯ ಕಡೆಗೆ ಒತ್ತಿ ಹಿಡಿದು ಬಿಗಿ ಮಾಡ್ಬೇಕು. ಯಾಕೆ ಅಂದ್ರೆ ಕೋವಿ ಹಿಂದೆ ಬರುವಾಗ ಸ್ಕೋಪ್ ಮುಂದೆ ಹೋಗ್ಲಿಕ್ಕೆ ನೋಡುದು, ಬೋಲ್ಟ್ ಮೊದ್ಲೇ ಕಚ್ಚಿನ ಮುಂದಿನ ಗೋಡೆಗೆ ತಾಗಿ ಕೂತಿದ್ರೆ ಓಡ್ಲಿಕ್ಕೆ ಜಾಗವೇ ಇಲ್ಲ. ಬಸ್ಸು ಹೊರಡುವಾಗ ಕಂಬಕ್ಕೆ ಒರಗಿ ನಿಂತವ ಬೀಳುದಿಲ್ಲ, ಅದೇ ಲೆಕ್ಕ.

.315ರದ್ದು ಬೇರೆ ತಲೆಬಿಸಿ. ಅದ್ರ ಹುಟ್ಟು ಲೀ ಎನ್‌ಫೀಲ್ಡ್ ಮನೆತನದ್ದು, ಸ್ಕೋಪಿಗೆ ಅಂತ ಮೇಲೆ ತೂತು ಕೊರೆದಿರುದಿಲ್ಲ. ತೂತು ಕೊರೆಯದೆ ಕಚ್ಚಿ ಕೂರುವ ಮೌಂಟ್ ಸಿಗ್ತದೆ, ಕೆಲವು ಚಂದ ಕೂರ್ತವೆ, ಕೆಲವು ಹತ್ತು ಗುಂಡಿಗೆ ಸಡಿಲ. ತೂತು ಕೊರೆಯುದೇ ಆದ್ರೆ ಲೈಸೆನ್ಸ್ ಇರುವ ಗನ್‌ಸ್ಮಿತ್ ಹತ್ರವೇ ಹೋಗಿ. ಕುಂಬ್ಳೆಯಲ್ಲಿ ಗೇಟ್ ವೆಲ್ಡಿಂಗ್ ಮಾಡುವ ಫ್ರೆಂಡ್ ಇದ್ದಾನೆ ಅಂತ ಅವನ ಹತ್ರ ಹೋಗುವ ಕೆಲಸ ಅಲ್ಲ ಇದು, ಜೀವದ ಪ್ರಶ್ನೆ, ಕಾನೂನಿನ ಪ್ರಶ್ನೆಯೂ ಹೌದು.

ಸ್ಕ್ರೂ ಎಷ್ಟು ಬಿಗಿ ಮಾಡುದು?

ಬಲ ಹಾಕಿ ಅಲ್ಲ, ಅಳತೆ ಹಾಕಿ. ರಿಂಗಿನ ಮೇಲಿನ ಸ್ಕ್ರೂಗಳಿಗೆ ಸಾಮಾನ್ಯವಾಗಿ 15ರಿಂದ 18 ಇಂಚ್ ಪೌಂಡ್, ಅಂದ್ರೆ ಹೆಚ್ಚುಕಮ್ಮಿ 2 ನ್ಯೂಟನ್ ಮೀಟರ್, ಅದೂ ಮೌಂಟಿನ ಕಾಗದದಲ್ಲಿ ಬೇರೆ ಅಂಕೆ ಇದ್ರೆ ಅದೇ ಫೈನಲ್. ಅದಕ್ಕೆ ಅಂತಲೇ ಸಣ್ಣ ಟಾರ್ಕ್ ಡ್ರೈವರ್ ಸಿಗ್ತದೆ, ನಾಲ್ಕು ಜನ ಸೇರಿ ಒಂದು ತೆಗೊಳ್ಳಿ. ಮೊದ್ಲು ಸ್ಕ್ರೂವಿನ, ತೂತಿನ ಎಣ್ಣೆ ಪೂರಾ ಒರೆಸಿ, ಎಣ್ಣೆ ಇದ್ರೆ ಯಾವ ಅಳತೆಯೂ ಸಮ ಬರುದಿಲ್ಲ. ಆಮೇಲೆ ಅಡ್ಡ ಅಡ್ಡ ಕ್ರಮದಲ್ಲಿ ಸ್ವಲ್ಪ ಸ್ವಲ್ಪ ಬಿಗಿ ಮಾಡ್ತಾ ಬನ್ನಿ, ಟಯರಿನ ನಟ್ ಹಾಕಿದ ಹಾಗೆ. ಬುಡದ ಸ್ಕ್ರೂಗೆ ನೀಲಿ ಲಾಕ್‌ಟೈಟ್ ಒಂದು ಹನಿ, ಕೆಂಪು ಬೇಡ, ಮತ್ತೆ ಬಿಚ್ಲಿಕ್ಕೆ ಬೆಂಕಿ ಬೇಕಾಗ್ತದೆ. ಎಲ್ಲಾ ಆದ ಮೇಲೆ ಸ್ಕ್ರೂವಿನ ತಲೆಯಿಂದ ರಿಂಗಿನವರೆಗೆ ನೈಲ್ ಪಾಲಿಶಲ್ಲಿ ಒಂದು ಗೆರೆ ಎಳೀರಿ, ಗೆರೆ ತುಂಡಾದ್ರೆ ಸ್ಕ್ರೂ ತಿರುಗಿದೆ ಅಂತ ಲೆಕ್ಕ. ಮನೆಯಲ್ಲಿ ಬಣ್ಣ ಕೇಳಿದ್ದಕ್ಕೆ ನನಗೆ ಸಿಕ್ಕಿದ ನೋಟ ನಿಮಗೆ ಸಿಗದಿರ್ಲಿ.

ಅತೀ ಬಿಗಿ ಮಾಡಿದ್ರೆ ಕೊಳವೆ ಜಜ್ಜಿ ಒಳಗಿನ ಇರೆಕ್ಟರ್ ಸಿಕ್ಕಿ ಬೀಳ್ತದೆ, ಝೂಮ್ ರಿಂಗ್ ಗಟ್ಟಿ ಆಗ್ತದೆ. ನನ್ನ ಎರಡನೇ ಸ್ಕೋಪ್ ಹೋದದ್ದು ಹಾಗೆ, ಒದೆಗೆ ಅಲ್ಲ, ನನ್ನ ಕೈಬಲಕ್ಕೆ.

ನಮ್ಮ ಮಳೆಗೆ ಎಷ್ಟು ತಡೀತದೆ?

ಒಳ್ಳೆ ಸ್ಕೋಪಿನ ಒಳಗೆ ಗಾಳಿ ತೆಗೆದು ನೈಟ್ರೋಜನ್ ಅಥವಾ ಆರ್ಗಾನ್ ತುಂಬಿಸಿ ಮುಚ್ಚಿರ್ತಾರೆ, ಒಳಗೆ ತೇವ ಇಲ್ಲದ ಕಾರಣ ಮಂಜು ಹಿಡಿಯುದಿಲ್ಲ. ಐಪಿಎಕ್ಸ್ 7 ಅಂತ ಬರ್ದಿದ್ರೆ 1 ಮೀಟರ್ ನೀರಲ್ಲಿ 30 ನಿಮಿಷ ತಡೀಬೇಕು ಅಂತ ಅರ್ಥ. ಒದೆಗೂ ಇದಕ್ಕೂ ಸಂಬಂಧ ಉಂಟು, ಒದೆ ತಿಂದು ತಿಂದು ರಬ್ಬರ್ ಸೀಲ್ ಸಡಿಲ ಆದ್ರೆ ಮೊದ್ಲು ಗೊತ್ತಾಗುದೇ ಮಳೆಗಾಲದಲ್ಲಿ, ಒಳಗೆ ಹಬೆ. ಆದ್ರೆ ನಮ್ಮಲ್ಲಿ ಮಳೆಗಿಂತ ದೊಡ್ಡ ಶತ್ರು ಬೂಸ್ರು. ಜೂನಿಂದ ಸೆಪ್ಟೆಂಬರ್ ಚರ್ಮದ ಚೀಲದಲ್ಲಿ ಕಟ್ಟಿ ಕಪಾಟಲ್ಲಿಟ್ರೆ ಗ್ಲಾಸ್ ಮೇಲೆ ಜೇಡನ ಬಲೆ ಹಾಗೆ ಫಂಗಸ್ ಬೆಳೀತದೆ, ಕೋಟಿಂಗ್ ತಿಂದು ಹಾಕ್ತದೆ. ಚೀಲದಿಂದ ಹೊರಗೆ ತೆಗೆದಿಡಿ, ಬಾಕ್ಸಲ್ಲಿ ಸಿಲಿಕಾ ಜೆಲ್ ಹಾಕಿ, ಅದನ್ನು ಆಗಾಗ ಬಿಸಿ ಮಾಡಿ ಒಣಗಿಸಿ. ಉಪ್ಪಳ, ಮಂಜೇಶ್ವರದ ಕಡಲ ಬದಿಯವರು ಸ್ಕ್ರೂಗಳ ತುಕ್ಕನ್ನೂ ನೋಡ್ಕೊಳ್ಳಿ, ಉಪ್ಪು ಗಾಳಿ ಯಾರನ್ನೂ ಬಿಡುದಿಲ್ಲ.

ಯಾವ ಕಂಪೆನಿದು ತೆಗೊಳ್ಳುದು, ಹೆಸ್ರು ಹೇಳಿ.

ಒದೆಗೆ ಹೆಸರಾದದ್ದು ಅಂದ್ರೆ ಅಮೇರಿಕದ ಲ್ಯೂಪೋಲ್ಡ್, ನೈಟ್‌ಫೋರ್ಸ್, ಟ್ರಿಜಿಕಾನ್, ಜರ್ಮನಿಯ ಶ್ಮಿಟ್ ಉಂಡ್ ಬೆಂಡರ್. ಲ್ಯೂಪೋಲ್ಡಿನವರ ಹತ್ರ ಪನಿಷರ್ ಅಂತ ಒಂದು ಮೆಷಿನ್ ಉಂಟು, ಸ್ಕೋಪನ್ನು ಅದ್ರಲ್ಲಿ ಕಟ್ಟಿ .308 ರೈಫಲಿನ ಮೂರು ಪಟ್ಟು ಒದೆಯನ್ನು 5000 ಸಲ ಕೊಡ್ತಾರೆ. ಇವೆಲ್ಲ ನಮ್ಮ ಅಡಕೆ ರೇಟಿಗೆ ಭಾರ ಆಯ್ತು ಅನ್ನುವವರಿಗೆ ವೋರ್ಟೆಕ್ಸ್, ಹಾಕ್ ಇಂಥವುಗಳ ಸಾದಾ ಮಾಡೆಲ್‌ಗಳು .315, 30-06ಕ್ಕೆ ಆಗ್ತವೆ. ಆದ್ರೆ ಹೆಸ್ರಿಗಿಂತ ಮಾಡೆಲ್ ನೋಡಿ, ಒಂದೇ ಕಂಪೆನಿಯಲ್ಲಿ .22ಕ್ಕೆ ಅಂತ ಮಾಡಿದ ಹಗುರದ್ದೂ ಇರ್ತದೆ, ಮ್ಯಾಗ್ನಮಿಗೆ ಅಂತ ಮಾಡಿದ್ದೂ ಇರ್ತದೆ. ಯಾವ ಕ್ಯಾಲಿಬರ್ ವರೆಗೆ ಆಗ್ತದೆ ಅಂತ ಕಂಪೆನಿ ಬರ್ದು ಕೊಟ್ಟಿರ್ಬೇಕು. ದೊಡ್ಡ ಹೆಸರಿನ ಸ್ಕೋಪ್ ಮೂರು ಸಾವಿರಕ್ಕೆ ಆನ್‌ಲೈನಲ್ಲಿ ಕಂಡ್ರೆ ಅದು ಡುಪ್ಲಿಕೇಟ್, ಇದ್ರಲ್ಲಿ ಚರ್ಚೆ ಬೇಡ.

ಭಾವ ದುಬೈಯಿಂದ ಬರ್ತಾನೆ, ತರಿಸ್ಲಾ?

ಕಾಸರಗೋಡಲ್ಲಿ ಈ ಪ್ರಶ್ನೆ ಬರದೆ ಇರುದುಂಟಾ! ಸುಮ್ನೆ ಬ್ಯಾಗಿಗೆ ಹಾಕಿ ತರ್ಲಿಕ್ಕೆ ಹೇಳ್ಬೇಡಿ. ಹಕ್ಕಿ ನೋಡುವ ದುರ್ಬೀನು ಅಂತ ಹೇಳಿದ್ರೆ ಸ್ಕ್ಯಾನಿಂಗಿನವ ನಂಬುದಿಲ್ಲ, ಕೋವಿಯ ಸಾಮಾನು ಅಂತ ಹಿಡಿದಿಟ್ರೆ ಭಾವನ ರಜೆ ಪೂರಾ ಏರ್‌ಪೋರ್ಟಿಗೆ ಓಡಾಡುದರಲ್ಲೇ ಮುಗೀತದೆ. ಇಲ್ಲಿಯ ಲೈಸೆನ್ಸ್ ಇರುವ ಡೀಲರ್ ಹತ್ರ ಬಿಲ್ಲಿಗೆ ತೆಗೊಳ್ಳಿ. ಲೈಫ್‌ಟೈಮ್ ವಾರಂಟಿ ಅಂತ ಹಿಗ್ಗುವ ಮೊದ್ಲು ಸರ್ವಿಸಿಗೆ ಯಾವ ಊರಿಗೆ ಕಳಿಸ್ಬೇಕು, ಕಳಿಸುವ ಖರ್ಚು ಯಾರದ್ದು ಅಂತಲೂ ಅವನ ಹತ್ರವೇ ಕೇಳಿ.

ತೋಟೆ ಕೋಟಾ ಕಮ್ಮಿ, ಹತ್ತಿಪ್ಪತ್ತು ಗುಂಡು ಟೆಸ್ಟಿಗೇ ಹಾಕ್ಲಿಕ್ಕೆ ಆಗುದಿಲ್ಲ. ಬೇರೆ ದಾರಿ ಉಂಟಾ?

ಉಂಟು. ತಿರುಪು ಸಮ ಕೆಲಸ ಮಾಡ್ತದಾ ಅಂತ ನೋಡ್ಲಿಕ್ಕೆ ಗುಂಡೇ ಬೇಡ. ಖಾಲಿ ಕೋವಿಯನ್ನು ಮರಳ ಚೀಲದ ಮಧ್ಯೆ ಅಲುಗದ ಹಾಗೆ ಕೂರಿಸಿ, 25 ಮೀಟರ್ ದೂರದಲ್ಲಿ ಸೆಂಟಿಮೀಟರ್ ಗೆರೆ ಹಾಕಿದ ರಟ್ಟು ನಿಲ್ಲಿಸಿ. 1 ಎಂಒಎ ಅಂದ್ರೆ ಒಂದು ಡಿಗ್ರಿಯ ಅರುವತ್ತರಲ್ಲಿ ಒಂದು ಭಾಗದ ಕೋನ, 100 ಮೀಟರಿಗೆ 29 ಮಿಲಿಮೀಟರ್. ಕಾಲು ಎಂಒಎ ಕ್ಲಿಕ್ಕಿನ ಸ್ಕೋಪಲ್ಲಿ 40 ಕ್ಲಿಕ್ ಹಾಕಿದ್ರೆ 25 ಮೀಟರಲ್ಲಿ ಕ್ರಾಸ್ ಏಳೂಕಾಲು ಸೆಂಟಿಮೀಟರ್ ಸರೀಬೇಕು. 40 ಮೇಲೆ, 40 ಬಲಕ್ಕೆ, 40 ಕೆಳಗೆ, 40 ಎಡಕ್ಕೆ, ಸುತ್ತು ಹಾಕಿ ಹೊರಟಲ್ಲಿಗೇ ಬಂದು ನಿಲ್ಬೇಕು. ತಿರುಗಿಸುವಾಗ ಕೋವಿ ಅಲುಗಿದ್ರೆ ಮೊದಲಿಂದ ಶುರು ಮಾಡಿ, ಕಣ್ಣನ್ನು ಮಧ್ಯದಲ್ಲೇ ಇಡಿ, ಹತ್ರದ ಗುರಿಯಲ್ಲಿ ಕಣ್ಣು ಆಚೀಚೆ ಆದ್ರೆ ಗೆರೆಯೂ ಆಚೀಚೆ ಆದ ಹಾಗೆ ಕಾಣ್ತದೆ. ಇದ್ರಲ್ಲಿ ಪಾಸಾದ್ರೆ ಆಮೇಲೆ ರೇಂಜಲ್ಲಿ ಮೂರು ಗುಂಡು, ನಾಲ್ಕು ದಿನ ಬಿಟ್ಟು ಮತ್ತೆ ಮೂರು. ಎರಡೂ ಗುಂಪು ಒಂದೇ ಕಡೆ ಬಿದ್ರೆ ಮೌಂಟೂ ಪಾಸು.

ಗುರಿ ತಪ್ಲಿಕ್ಕೆ ಶುರುವಾದ್ರೆ ಕ್ರಮ ಇಷ್ಟೇ: ಮೊದ್ಲು ನೈಲ್ ಪಾಲಿಶ್ ಗೆರೆ, ಆಮೇಲೆ ಮರದ ಹಿಡಿಯ ಸ್ಕ್ರೂ, ಆಮೇಲೆ ಸರಿಯಿದೆ ಅಂತ ಗೊತ್ತಿರುವ ಬೇರೆ ಸ್ಕೋಪ್ ಹಾಕಿ ನೋಡುದು. ಹಳೆ ಸ್ಕೋಪಿಗೆ ಬೈಯುದು ಅದ್ರ ನಂತ್ರ.

ಎಲೆಕ್ಷನಿಗೆ ಕೋವಿ ಠಾಣೆಯಲ್ಲಿ ಇಡ್ಬೇಕಾದ್ರೆ ಸ್ಕೋಪ್ ಬಿಚ್ಚುದಾ?

ನಾನು ಬಿಚ್ಚಿ ಮನೆಯಲ್ಲಿ ಇಡುದು. ಅಲ್ಲಿ ಎಲ್ಲರ ಕೋವಿ ಒಟ್ಟಿಗೆ ಗೋಡೆಗೆ ಒರಗಿಸಿರ್ತಾರೆ, ಒಂದು ಜಾರಿದ್ರೆ ಸಾಲಾಗಿ ಎಲ್ಲಾ ಮಲಗುದು. ರೈಲಿನ ಯಾವ ಕಚ್ಚಲ್ಲಿ ಇತ್ತು ಅಂತ ಫೋಟೋ ತೆಗೆದಿಟ್ಟು ಬಿಚ್ಚಿ, ವಾಪಸ್ ಅಲ್ಲೇ ಕೂರಿಸಿ, ಮೂರು ಗುಂಡಲ್ಲಿ ಝೀರೋ, ಅಂದ್ರೆ ಗೆರೆ ಇಟ್ಟಲ್ಲಿಗೇ ಗುಂಡು ಬೀಳ್ತದಾ ಅಂತ, ನೋಡದೆ ತೋಟಕ್ಕೆ ಹೋಗ್ಬೇಡಿ. ಗಾಯ ಆಗಿ ಗುಡ್ಡೆ ಹತ್ತಿದ ಹಂದಿ ನಾಳೆ ರಬ್ಬರ್ ಟ್ಯಾಪಿಂಗಿಗೆ ಹೋದವನ ಮೇಲೆ ಬರ್ತದೆ.

ನಿಜ ಹೇಳಿ, 12 ಬೋರಿಗೆ ಸ್ಕೋಪ್ ಬೇಕಾ?

ಬೇಡ. ತೋಟದ ದೂರಕ್ಕೆ ರೆಡ್ ಡಾಟ್ ಸಾಕು, ದೊಡ್ಡದು ಮಾಡದೆ ಗುರಿಗೆ ಕೆಂಪು ಚುಕ್ಕಿ ಮಾತ್ರ ತೋರಿಸುವ ಸಾಮಾನು ಅದು, ಹಗುರ, ಕಣ್ಣು ಎಷ್ಟು ದೂರ ಇಟ್ರೂ ಆಗ್ತದೆ, ಹುಬ್ಬಿನ ಚಿಂತೆ ಇಲ್ಲ, ಎರಡೂ ಕಣ್ಣು ತೆರೆದಿದ್ರೆ ಹಂದಿಯ ಹಿಂದೆ ಎಂತ ಉಂಟು ಅಂತಲೂ ಕಾಣ್ತದೆ. ಕೊಡಗಿನವರು ಕೈಲ್‌ಪೊಳ್ದಿಗೆ ತೆಂಗಿನಕಾಯಿಗೆ ಹೊಡೆಯುದು ನೋಡಿದ್ದೀರಲ್ಲ, ಯಾರು ಸ್ಕೋಪ್ ಹಾಕ್ತಾರೆ ಅಲ್ಲಿ?

ಒದೆಗೆ ಹಾಳಾದ ಸ್ಕೋಪ್ ರಿಪೇರಿ ಆಗ್ತದಾ?

ಕಂಪೆನಿಗೆ ಹೋದ್ರೆ ಕೆಲವು ಆಗ್ತದೆ, ಅಗ್ಗದ್ದು ಆಗುದಿಲ್ಲ, ಊರಲ್ಲಿ ಬಿಚ್ಚಿದ್ರೆ ಗ್ಯಾಸ್ ಹೋಗಿ ಮುಂದಿನ ಮಳೆಗೆ ಒಳಗೆ ಬೂಸ್ರು. ನನ್ನ ಆ ವಾಲಿದ ಗೆರೆಯ ಮೊದಲ್ನೆ ಸ್ಕೋಪ್ ಬಿಸಾಡ್ಲಿಲ್ಲ, ಮಳೆಗಾಲದಲ್ಲಿ ಅಡಕೆ ಮರದ ಗೊನೆಗೆ ಕೊಳೆರೋಗ ಹಿಡಿದಿದೆಯಾ ಅಂತ ಕೆಳಗೆ ನಿಂತೇ ನೋಡ್ಲಿಕ್ಕೆ ಭಾರೀ ಒಳ್ಳೆದಾಗ್ತದೆ, ಬೋರ್ಡೋ ಮದ್ದು ಬಿಡುವವ ಬರುವ ದಿನ ನನ್ನ ಕಿಸೆಯಲ್ಲೇ ಇರುದು ಅದು.